ನಾಲ್ಕು ಪರಮಾಣುಗಳ ಉಂಗುರ: ಬ್ಯಾಕ್ಟೀರಿಯಾದ ಕಿಣ್ವಗಳು ಆ್ಯಂಟಿಬಯಾಟಿಕ್‌ಗಳನ್ನು ಒಡೆಯುವ ಬಗೆ

1940ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿಯನ್ನು ಪ್ರಕಟಿಸಿದರು. ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ಸಾರವು ಪೆನಿಸಿಲಿನ್ ಅನ್ನು ನಾಶಮಾಡುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅದಕ್ಕೆ ಕಾರಣವಾದ ಕಿಣ್ವವನ್ನು ಅವರು ಪೆನಿಸಿಲಿನೇಸ್ ಎಂದು ಕರೆದರು. ಸೋಂಕಿನಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಅದೇ ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟದ್ದು 1941ರ ಫೆಬ್ರವರಿಯಲ್ಲಿ. ಅಂದರೆ ಔಷಧವು ಆಸ್ಪತ್ರೆಯನ್ನು ತಲುಪುವುದಕ್ಕೆ ಮೊದಲೇ ಅದನ್ನು ಒಡೆಯುವ ಕಿಣ್ವವು ಬ್ಯಾಕ್ಟೀರಿಯಾದ ಬಳಿ ಸಿದ್ಧವಾಗಿತ್ತು.

ಔಷಧ ಪ್ರತಿರೋಧದ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಈ ಘಟನೆ ಸರಿಪಡಿಸುತ್ತದೆ. ‘ಆ ಮಾತ್ರೆ ನನ್ನ ದೇಹಕ್ಕೆ ಒಗ್ಗಿಹೋಗಿದೆ, ಅದಕ್ಕೇ ಈಗ ಕೆಲಸ ಮಾಡುತ್ತಿಲ್ಲ’ ಎಂದು ಅನೇಕರು ಹೇಳುವುದನ್ನು ಕೇಳುತ್ತೇವೆ. ಆದರೆ ಆ್ಯಂಟಿಬಯಾಟಿಕ್ ವಿಫಲವಾಗುವಾಗ ರೋಗಿಯ ದೇಹಕ್ಕೆ ಏನೂ ಒಗ್ಗಿರುವುದಿಲ್ಲ. ಬದಲಾವಣೆ ಇರುವುದು ರೋಗಾಣುವಿನಲ್ಲಿ. ಅದೂ ಅನೇಕ ಸಂದರ್ಭಗಳಲ್ಲಿ ಹೆಸರಿಟ್ಟು ಗುರುತಿಸಬಹುದಾದ ಒಂದು ಅಣು, ಔಷಧದ ಒಂದು ನಿರ್ದಿಷ್ಟ ಬಂಧವನ್ನು ಕತ್ತರಿಸುವ ಕ್ರಿಯೆ ಅದು. ಯಾವ ಅಣು, ಯಾವ ಬಂಧ ಎಂಬುದು ಗೊತ್ತಾದರೆ ಯಾವ ಔಷಧ ಸೋಲುತ್ತದೆ, ಯಾವುದು ಇನ್ನೂ ಉಳಿದಿದೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಆದ್ದರಿಂದ ಈ ವಿಷಯವನ್ನು ರಸಾಯನಶಾಸ್ತ್ರದ ಮಟ್ಟದಲ್ಲಿ ಅರ್ಥಮಾಡಿಕೊಳ್ಳುವುದು ಪಠ್ಯಪುಸ್ತಕದ ಕಸರತ್ತು ಎಂದು ನಾನು ಭಾವಿಸುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ತೆಗೆದುಕೊಳ್ಳುವ ನಿರ್ಧಾರ ಅದನ್ನೇ ಅವಲಂಬಿಸಿರುತ್ತದೆ.

ಮೊದಲು ಪೆನಿಸಿಲಿನ್ ಮಾಡುವ ಕೆಲಸವನ್ನು ನೋಡೋಣ. ಬ್ಯಾಕ್ಟೀರಿಯಾದ ಜೀವಕೋಶದ ಒಳಗೆ ಒತ್ತಡ ಹೆಚ್ಚು, ಹೊರಗೆ ಕಡಿಮೆ. ಆ ಒತ್ತಡಕ್ಕೆ ಕೋಶವು ಸಿಡಿಯದಂತೆ ಹಿಡಿದಿಡುವುದು ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನಿಂದಾದ ಕೋಶಭಿತ್ತಿ. ಇದನ್ನು ಮೀನು ಹಿಡಿಯುವ ಬಲೆಗೆ ಹೋಲಿಸಬಹುದು. ಸಕ್ಕರೆಯ ಉದ್ದನೆಯ ಎಳೆಗಳು ಒಂದರ ಪಕ್ಕ ಒಂದು ಸಾಗುತ್ತವೆ, ಅವುಗಳ ನಡುವೆ ಅಮೈನೋ ಆಮ್ಲಗಳ ಗಿಡ್ಡ ಎಳೆಗಳು ಗಂಟು ಹಾಕಿಕೊಂಡಿರುತ್ತವೆ. ಗಂಟು ಬಿಗಿಯಾಗಿದ್ದಷ್ಟೇ ಬಲೆಗೆ ಬಲ. ಈ ಗಂಟು ಹಾಕುವ ಕೆಲಸ ಮಾಡುವ ಕಿಣ್ವಗಳಿಗೆ ಪೆನಿಸಿಲಿನ್ ಬಂಧಕ ಪ್ರೋಟೀನುಗಳು ಎಂದು ಹೆಸರು. ಗಿಡ್ಡ ಎಳೆಯ ತುದಿಯಲ್ಲಿರುವ ಡಿ-ಅಲನಿನ್, ಡಿ-ಅಲನಿನ್ ಎಂಬ ಜೋಡಿಯನ್ನು ಅವು ಗುರುತಿಸಿ ಹಿಡಿದು, ಕೊನೆಯ ಅಲನಿನ್ ಅನ್ನು ಕಳಚಿ, ಆ ಜಾಗದಲ್ಲಿ ಪಕ್ಕದ ಎಳೆಯನ್ನು ಬೆಸೆಯುತ್ತವೆ.

ಪೆನಿಸಿಲಿನ್ ಅಣುವಿನ ಆಕಾರವು ಈ ಅಲನಿನ್ ಜೋಡಿಯನ್ನು ಹೋಲುತ್ತದೆ ಎಂದು 1965ರಲ್ಲಿ ಟಿಪ್ಪರ್ ಮತ್ತು ಸ್ಟ್ರಾಮಿಂಜರ್ ಸೂಚಿಸಿದರು. ಕಿಣ್ವವು ಮೋಸಹೋಗಿ ಪೆನಿಸಿಲಿನ್ ಅನ್ನು ಹಿಡಿಯುತ್ತದೆ. ಹಿಡಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೀಟಾ-ಲ್ಯಾಕ್ಟಮ್ ಉಂಗುರದಲ್ಲಿದೆ. ಮೂರು ಇಂಗಾಲ, ಒಂದು ಸಾರಜನಕ, ಒಟ್ಟು ನಾಲ್ಕು ಪರಮಾಣುಗಳು ಸೇರಿ ಆದ ಚೌಕಾಕಾರದ ಉಂಗುರ ಅದು. ಇಂಗಾಲದ ಬಂಧಗಳು ತಮ್ಮಷ್ಟಕ್ಕೆ 109 ಡಿಗ್ರಿ ಅಥವಾ 120 ಡಿಗ್ರಿಯ ಆಸುಪಾಸಿನಲ್ಲಿ ಇರಬಯಸುತ್ತವೆ. ಚೌಕದಲ್ಲಿ ಅವು 90 ಡಿಗ್ರಿಯ ಸುತ್ತಮುತ್ತ ಬಾಗಬೇಕಾಗುವುದರಿಂದ ಉಂಗುರವು ಸದಾ ಬಿಗಿತದಲ್ಲಿರುತ್ತದೆ, ಅವಕಾಶ ಸಿಕ್ಕರೆ ತೆರೆದುಕೊಳ್ಳುತ್ತದೆ. ಗಂಟು ಹಾಕುವ ಕಿಣ್ವದಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲದ ಆಮ್ಲಜನಕವು ಉಂಗುರದ ಇಂಗಾಲಕ್ಕೆ ಅಂಟಿಕೊಂಡ ಕ್ಷಣವೇ ಇಂಗಾಲ ಮತ್ತು ಸಾರಜನಕದ ನಡುವಿನ ಬಂಧ ಮುರಿದು, ತೆರೆದ ಪೆನಿಸಿಲಿನ್ ಆ ಸೆರಿನ್‌ಗೆ ಕಚ್ಚಿಕೊಂಡು ಕುಳಿತುಬಿಡುತ್ತದೆ. ಅದು ಬಿಡಿಸಿಕೊಳ್ಳಲು ಗಂಟೆಗಳೇ ಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಹೋಗುತ್ತದೆ, ಹಳೆಯ ಗಂಟುಗಳು ಬಿಚ್ಚುತ್ತವೆ, ಹೊಸವು ಬೀಳುವುದಿಲ್ಲ, ಕೋಶ ಒಡೆಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲದಿರುವುದರಿಂದ, ಅಲರ್ಜಿಯ ಅಪಾಯವನ್ನು ಬಿಟ್ಟರೆ, ಈ ಔಷಧಗಳು ನಮಗೆ ಬಹಳ ಸುರಕ್ಷಿತ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಎಲ್ಲವೂ ಇದೇ ಉಂಗುರವನ್ನು ಹೊತ್ತ ಔಷಧಗಳು.

ಈ ಉಂಗುರವನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳ (ಪೆನಿಸಿಲಿನೇಸ್ ಅವುಗಳಲ್ಲೊಂದು) ರಹಸ್ಯವಿರುವುದು ಇಲ್ಲಿಯೇ. ಅವುಗಳಲ್ಲಿ ದೊಡ್ಡ ಗುಂಪೊಂದು ಪೆನಿಸಿಲಿನ್ ಬಂಧಕ ಪ್ರೋಟೀನುಗಳ ವಂಶಕ್ಕೇ ಸೇರಿದ್ದು. ಎರಡರ ಮೂರು ಆಯಾಮದ ರಚನೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಂಧುತ್ವ ಎದ್ದು ಕಾಣುತ್ತದೆ. ಎರಡರಲ್ಲೂ ಸೆರಿನ್ ಇದೆ, ಎರಡರಲ್ಲೂ ಅದು ಉಂಗುರವನ್ನು ತೆರೆಯುತ್ತದೆ, ಎರಡರಲ್ಲೂ ಔಷಧವು ಸೆರಿನ್‌ಗೆ ಅಂಟಿಕೊಳ್ಳುತ್ತದೆ. ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ. ಬೀಟಾ-ಲ್ಯಾಕ್ಟಮೇಸ್‌ನ ಒಳಗೆ ಗ್ಲುಟಮಿಕ್ ಆಮ್ಲದ ಒಂದು ಘಟಕವು (ಬಹುಚರ್ಚಿತವಾದ ಟೆಮ್-1 ಎಂಬ ಕಿಣ್ವದಲ್ಲಿ ಅದರ ಸ್ಥಾನ 166) ನೀರಿನ ಒಂದೇ ಒಂದು ಅಣುವನ್ನು ತಕ್ಕ ಜಾಗದಲ್ಲಿ, ತಕ್ಕ ಕೋನದಲ್ಲಿ ಹಿಡಿದು ನಿಲ್ಲಿಸಿರುತ್ತದೆ. ಔಷಧ ಸೆರಿನ್‌ಗೆ ಅಂಟಿದ ಕೂಡಲೇ ಆ ನೀರು ಅಂಟಿನ ಮೇಲೆ ಎರಗಿ ಅದನ್ನು ಬಿಡಿಸುತ್ತದೆ. ಉಂಗುರ ಮುರಿದ ಔಷಧ ಹೊರಬೀಳುತ್ತದೆ, ಕಿಣ್ವ ಮತ್ತೆ ಮೊದಲಿನಂತಾಗುತ್ತದೆ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಬಿಡುಗಡೆ ಇಲ್ಲಿ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಟೆಮ್-1ರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸುಮಾರು ಸಾವಿರ ಪೆನಿಸಿಲಿನ್ ಅಣುಗಳನ್ನು ಮುರಿಯಬಲ್ಲದು, ಮತ್ತು ಹಾಗೆ ಮುರಿದ ಪೆನಿಸಿಲಿನ್ ಮತ್ತೆ ಎಂದೂ ಕೂಡಿಕೊಳ್ಳುವುದಿಲ್ಲ.

ಟೈಫಾಯಿಡ್, ಮೂತ್ರನಾಳದ ಸೋಂಕು, ನ್ಯುಮೋನಿಯಾ ತರುವ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿರುತ್ತವೆ. ಕೋಶಭಿತ್ತಿ ಇರುವುದೂ, ಈ ಕಿಣ್ವ ಕಾವಲು ಕಾಯುವುದೂ ಆ ಎರಡು ಪೊರೆಗಳ ನಡುವಿನ ಕಿರಿದಾದ ಜಾಗದಲ್ಲಿ. ಔಷಧದ ಅಣುಗಳು ಹೊರಪೊರೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಒಂದೊಂದಾಗಿಯೇ ಒಳಬರಬೇಕಾಗುವುದರಿಂದ, ಅವು ಗುರಿ ಮುಟ್ಟುವ ಮೊದಲೇ ಮುರಿದುಹೋಗುತ್ತವೆ. ಸ್ಟೆಫಿಲೊಕಾಕಸ್‌ನಂಥ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಪೊರೆಯಿಲ್ಲ. ಅವು ಕಿಣ್ವವನ್ನು ಸುತ್ತಲಿನ ದ್ರವಕ್ಕೇ ಸ್ರವಿಸುತ್ತವೆ.

ಇದರ ಪರಿಣಾಮವನ್ನು ಯಾವುದೇ ಜೀವತಂತ್ರಜ್ಞಾನದ ಪ್ರಯೋಗಾಲಯದಲ್ಲಿ ಬರಿಗಣ್ಣಿನಿಂದ ಕಾಣಬಹುದು. ಆಂಪಿಸಿಲಿನ್ ಬೆರೆಸಿದ ಅಗಾರ್ ಪ್ಲೇಟಿನ ಮೇಲೆ ಬೀಟಾ-ಲ್ಯಾಕ್ಟಮೇಸ್ ಜೀನ್ ಇರುವ ಇ. ಕೊಲೈ ಒಂದು ರಾತ್ರಿಯಲ್ಲಿ ದುಂಡನೆಯ ದೊಡ್ಡ ಕಾಲೊನಿಗಳಾಗಿ ಬೆಳೆಯುತ್ತದೆ. ಪ್ಲೇಟನ್ನು ಇನ್ನೂ ಒಂದು ದಿನ 37 ಡಿಗ್ರಿಯಲ್ಲಿ ಬಿಟ್ಟರೆ, ಪ್ರತಿ ದೊಡ್ಡ ಕಾಲೊನಿಯ ಸುತ್ತ ಸಾಸಿವೆಗಿಂತ ಚಿಕ್ಕದಾದ ಹತ್ತಾರು ಮಾಸಲು ಚುಕ್ಕಿಗಳು ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಇವನ್ನು ಸ್ಯಾಟಲೈಟ್ ಕಾಲೊನಿ ಎನ್ನುತ್ತಾರೆ. ಇವನ್ನು ಎತ್ತಿ ಹೊಸ ಆಂಪಿಸಿಲಿನ್ ಪ್ಲೇಟಿಗೆ ಹಾಕಿದರೆ ಬೆಳೆಯುವುದಿಲ್ಲ, ಏಕೆಂದರೆ ಇವುಗಳಲ್ಲಿ ಪ್ರತಿರೋಧದ ಜೀನ್ ಇಲ್ಲ. ದೊಡ್ಡ ಕಾಲೊನಿಯಿಂದ ಸೋರಿದ ಕಿಣ್ವವು ಸುತ್ತಲಿನ ಔಷಧವನ್ನು ಖಾಲಿಮಾಡಿದ್ದರಿಂದ ಅವು ಬದುಕಿಕೊಂಡಿವೆ. ಹಲವು ಬಗೆಯ ಬ್ಯಾಕ್ಟೀರಿಯಾ ಸೇರಿರುವ ಗಾಯದಲ್ಲಿ ಅಥವಾ ಕೀವಿನಲ್ಲಿ ಕೂಡ ಹೀಗಾಗಬಹುದು. ಒಂದು ಬಗೆಯ ಬ್ಯಾಕ್ಟೀರಿಯಾದ ಕಿಣ್ವವು ಪಕ್ಕದ, ಔಷಧಕ್ಕೆ ಸಾಯಬೇಕಿದ್ದ ರೋಗಾಣುವನ್ನೂ ಕಾಪಾಡುತ್ತದೆ.

ಈ ಕಿಣ್ವಗಳನ್ನು ನಾವು ಹುಟ್ಟಿಸಲಿಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಷ್ಟು ಹಳೆಯ ಹೆಪ್ಪುಗಟ್ಟಿದ ಮಣ್ಣಿನಿಂದ ತೆಗೆದ ಡಿಎನ್‌ಎಯಲ್ಲಿ ಬೀಟಾ-ಲ್ಯಾಕ್ಟಮೇಸ್ ಜೀನುಗಳಿರುವುದನ್ನು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಣ್ಣಿನ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಇಂಥ ರಾಸಾಯನಿಕಗಳನ್ನು ತಯಾರಿಸುತ್ತ, ಪರಸ್ಪರ ಎದುರಿಸುತ್ತ ಬಂದ ಕಾಲ ಬಹಳ ದೀರ್ಘ. ನಮ್ಮ ಪಾಲಿನ ಹೊಣೆ ಬೇರೆ. ಮಣ್ಣಿನಲ್ಲಿ, ನೀರಿನಲ್ಲಿ ಚದುರಿಹೋಗಿದ್ದ ಈ ಜೀನುಗಳನ್ನು ರೋಗಾಣುಗಳ ಒಳಗೆ ಒಟ್ಟುಗೂಡಿಸಿದ್ದು, ಟನ್ನುಗಟ್ಟಲೆ ಆ್ಯಂಟಿಬಯಾಟಿಕ್ ಬಳಸಿ ಅವುಗಳಿಗೆ ಬೆಲೆ ತಂದುಕೊಟ್ಟದ್ದು ಕಳೆದ ಎಂಟು ದಶಕಗಳ ನಮ್ಮ ಬಳಕೆ.

ಜೀನುಗಳು ಒಟ್ಟುಗೂಡಲು ವಾಹನ ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ, ಸಾಮಾನ್ಯವಾಗಿ ಬಳೆಯಾಕಾರದಲ್ಲಿರುವ ಈ ಡಿಎನ್‌ಎ ತುಣುಕು ಒಂದು ಕೋಶದಿಂದ ಇನ್ನೊಂದಕ್ಕೆ, ಎಷ್ಟೋ ಸಲ ಒಂದು ಪ್ರಭೇದದಿಂದ ಇನ್ನೊಂದಕ್ಕೆ, ನೇರವಾಗಿ ದಾಟಿಹೋಗುತ್ತದೆ. ಮೇಲೆ ಹೇಳಿದ ಟೆಮ್-1 ಅಂಥ ಪ್ಲಾಸ್ಮಿಡ್ಡಿನ ಮೇಲೇರಿ ಬಂದ ಕಿಣ್ವ. 1960ರ ದಶಕದಲ್ಲಿ ಅಥೆನ್ಸ್‌ನ ರೋಗಿಯೊಬ್ಬರಿಂದ ತೆಗೆದ ಇ. ಕೊಲೈಯಲ್ಲಿ ಅದು ಮೊದಲು ಸಿಕ್ಕಿತು, ಆ ರೋಗಿಯ ಹೆಸರಿನ ಮೊದಲ ಅಕ್ಷರಗಳೇ ಕಿಣ್ವಕ್ಕೆ ಹೆಸರಾದವು. ಆಂಪಿಸಿಲಿನ್ ಬಳಕೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಟೆಮ್-1 ಜಗತ್ತನ್ನೇ ಸುತ್ತಿತು.

ಔಷಧ ತಯಾರಕರು ಇದಕ್ಕೆ ಉತ್ತರವಾಗಿ ಉಂಗುರದ ಪಕ್ಕದಲ್ಲಿ ದಪ್ಪನೆಯ ರಾಸಾಯನಿಕ ಗುಂಪುಗಳನ್ನು ಸೇರಿಸಿದರು. ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮುಂತಾದ ಮೂರನೇ ತಲೆಮಾರಿನ ಸೆಫಲೊಸ್ಪೊರಿನ್‌ಗಳು ಟೆಮ್-1ರ ಇಕ್ಕಟ್ಟಾದ ಕುಳಿಯೊಳಗೆ ಸರಿಯಾಗಿ ಹೊಕ್ಕುವುದಿಲ್ಲ, ಆದ್ದರಿಂದ ಮುರಿಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಇವು ಬಳಕೆಗೆ ಬಂದವು. 1983ರಲ್ಲಿಯೇ ಜರ್ಮನಿಯಿಂದ ಇವಕ್ಕೂ ಪ್ರತಿರೋಧ ತೋರುವ ಬ್ಯಾಕ್ಟೀರಿಯಾದ ವರದಿ ಬಂತು. ಟೆಮ್-1ರ ಸೋದರ ಕಿಣ್ವವಾದ ಎಸ್‌ಎಚ್‌ವಿ-1ರಲ್ಲಿ 238ನೇ ಸ್ಥಾನದ ಗ್ಲೈಸಿನ್ ಹೋಗಿ ಅಲ್ಲಿ ಸೆರಿನ್ ಬಂದಿತ್ತು, ಅಷ್ಟೇ. ಆ ಒಂದು ಬದಲಾವಣೆಯಿಂದ ಕುಳಿ ಅಗಲವಾಗಿ ದಪ್ಪ ಔಷಧವೂ ಒಳಗೆ ಕೂರುವಂತಾಯಿತು. ಆಸ್ಪತ್ರೆಯ ವರದಿಗಳಲ್ಲಿ ಇಂದು ಇಎಸ್‌ಬಿಎಲ್ ಎಂದು ಬರೆಯುವುದು ಹೀಗೆ ವ್ಯಾಪ್ತಿ ಹಿಗ್ಗಿಸಿಕೊಂಡ ಕಿಣ್ವಗಳನ್ನು ಕುರಿತೇ.

ಆಮೇಲೆ ಇವೆಲ್ಲವನ್ನೂ ಹಿಂದೆ ಹಾಕಿದ ಕಿಣ್ವಕುಲ ಸಿಟಿಎಕ್ಸ್-ಎಂ. ಅದರ ಮೂಲ ಕ್ಲೈವೆರಾ ಎಂಬ, ಮನುಷ್ಯನಿಗೆ ಅಪರೂಪಕ್ಕೆ ಮಾತ್ರ ರೋಗ ತರುವ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿತ್ತು. ಜಿಗಿಯುವ ಡಿಎನ್‌ಎ ತುಣುಕೊಂದು ಅದನ್ನು ಎತ್ತಿಕೊಂಡು ಪ್ಲಾಸ್ಮಿಡ್ಡಿಗೆ ಸೇರಿಸಿತು. ಈ ಕುಲದ ಅತ್ಯಂತ ಯಶಸ್ವಿ ಸದಸ್ಯ ಸಿಟಿಎಕ್ಸ್-ಎಂ-15 ಮೊದಲು ಗುರುತಾದದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯಾಗಳಲ್ಲಿ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಹಬ್ಬಿದ ಟೈಫಾಯಿಡ್ ರೋಗಾಣು ಇದೇ ಜೀನನ್ನು ಪ್ಲಾಸ್ಮಿಡ್ಡಿನ ಮೂಲಕ ಪಡೆದುಕೊಂಡು ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದಂತಾಯಿತು. ಅಲ್ಲಿ ವೈದ್ಯರ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಅಜಿತ್ರೊಮೈಸಿನ್ ಮತ್ತು ಮೆರೊಪೆನೆಮ್ ಮುಂತಾದ ಕಾರ್ಬಪೆನೆಮ್‌ಗಳು. ಟೈಫಾಯಿಡ್‌ಗೆ ಸೆಫ್ಟ್ರಿಯಾಕ್ಸೋನ್ ಅನ್ನೇ ನೆಚ್ಚಿಕೊಂಡಿರುವ ಭಾರತದಂಥ ದೇಶಕ್ಕೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಇನ್ನೊಂದಿಲ್ಲ.

ಕಿಣ್ವವನ್ನೇ ಕಟ್ಟಿಹಾಕುವ ಇನ್ನೊಂದು ದಾರಿಯೂ ಇತ್ತು. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಕ್ಲಾವುಲಾನಿಕ್ ಆಮ್ಲದಲ್ಲೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ. ಕಿಣ್ವ ಅದನ್ನೂ ತೆರೆಯುತ್ತದೆ. ಆದರೆ ತೆರೆದ ಮೇಲೆ ಅಣುವು ತನ್ನೊಳಗೇ ಮರುಜೋಡಣೆಗೊಂಡು, ನೀರಿಗೂ ಬಿಡಿಸಲಾಗದಂತೆ ಸೆರಿನ್‌ಗೆ ಬಿಗಿದುಕೊಳ್ಳುತ್ತದೆ, ಕಿಣ್ವ ಶಾಶ್ವತವಾಗಿ ನಿಷ್ಕ್ರಿಯವಾಗುತ್ತದೆ. ಅಮಾಕ್ಸಿಸಿಲಿನ್ ಜೊತೆ ಇದನ್ನು ಸೇರಿಸಿದ ಆಗ್ಮೆಂಟಿನ್ 1981ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಔಷಧದ ಅಂಗಡಿಯಲ್ಲಿ ‘ಕ್ಲಾವ್’ ಎಂದು ಕೊನೆಗೊಳ್ಳುವ ಹೆಸರಿನ ಮಾತ್ರೆಗಳಲ್ಲಿರುವ ಎರಡನೆಯ ಅಂಶ ಇದೇ. ಅದು ರೋಗಾಣುವನ್ನು ಸಾಯಿಸಲೆಂದು ಇಟ್ಟಿದ್ದಲ್ಲ, ಮೊದಲನೆಯ ಔಷಧ ಮುರಿಯದಂತೆ ಕಾಯಲು ಇಟ್ಟಿದ್ದು.

ಕೊನೆಯ ಆಸರೆ ಎಂದು ವೈದ್ಯರು ತೆಗೆದಿರಿಸಿದ್ದು ಇಮಿಪೆನೆಮ್, ಮೆರೊಪೆನೆಮ್ ಮುಂತಾದ ಕಾರ್ಬಪೆನೆಮ್‌ಗಳನ್ನು. ಇವು ಸೆರಿನ್‌ಗೆ ಅಂಟಿಕೊಂಡಾಗ, ಇವುಗಳ ಪಕ್ಕದ ಗುಂಪೊಂದು ನೀರಿನ ಆ ಅಣುವಿಗೆ ಅಡ್ಡ ಬರುವುದರಿಂದ ಹೆಚ್ಚಿನ ಬೀಟಾ-ಲ್ಯಾಕ್ಟಮೇಸ್‌ಗಳು ಇವನ್ನು ಬಿಡಿಸಲಾರವು. ಈ ಅಡ್ಡಿಯನ್ನೂ ದಾಟಿದ ಕೆಪಿಸಿ ಎಂಬ ಕಿಣ್ವ ಅಮೆರಿಕದ ನಾರ್ತ್ ಕೆರೊಲಿನಾದಿಂದಲೂ, ಆಕ್ಸಾ-48 ಟರ್ಕಿಯಿಂದಲೂ ವರದಿಯಾದವು. ಭಾರತದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎನ್‌ಡಿಎಂ (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್). ಭಾರತದಲ್ಲಿ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದಲ್ಲಿ 2008ರಲ್ಲಿ ಇದು ಪತ್ತೆಯಾಯಿತು. ಹೆಸರಿನಲ್ಲಿ ನವದೆಹಲಿಯನ್ನು ಸೇರಿಸಿದ್ದಕ್ಕೆ ಇಲ್ಲಿ ದೊಡ್ಡ ವಿವಾದವೆದ್ದಿತು. ಊರಿನ ಹೆಸರಿಗಾಗಿ ಖರ್ಚಾದ ಆ ಶ್ರಮ, 2011ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯತ್ತ ಹರಿಯಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೆಹಲಿಯ ಬೀದಿಗಳಲ್ಲಿ ನಿಂತ ಮತ್ತು ಹರಿಯುವ ಹೊಲಸು ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಎನ್‌ಡಿಎಂ-1ರ ಜೀನ್ ಇತ್ತು. ಜೀನು ಆಸ್ಪತ್ರೆಯ ಗೋಡೆಯಾಚೆಗೆ, ಜನರು ನಡೆದಾಡುವ ಬೀದಿಗೆ ಬಂದಿತ್ತು.

ಎನ್‌ಡಿಎಂ ಹಿಂದಿನ ಕಿಣ್ವಗಳ ವಂಶದ್ದಲ್ಲ. ಇದರಲ್ಲಿ ಕೆಲಸ ಮಾಡುವ ಸೆರಿನ್ ಇಲ್ಲ. ಅದರ ಬದಲು ಸತುವಿನ ಎರಡು ಅಯಾನುಗಳಿವೆ. ಅವು ತಮ್ಮ ನಡುವೆ ಹಿಡಿದಿಟ್ಟ ನೀರು, ಪ್ರೋಟಾನ್ ಕಳೆದುಕೊಂಡು ಹರಿತವಾಗಿ, ಉಂಗುರದ ಮೇಲೆ ನೇರವಾಗಿ ಎರಗುತ್ತದೆ. ಔಷಧವು ಕಿಣ್ವಕ್ಕೆ ಅಂಟಿಕೊಳ್ಳುವ ನಡುವಿನ ಘಟ್ಟವೇ ಇಲ್ಲ. ಸೆರಿನ್‌ಗೆ ಕಚ್ಚಿಕೊಳ್ಳುವ ಕ್ಲಾವುಲಾನಿಕ್ ಆಮ್ಲಕ್ಕಾಗಲಿ, 2015ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೋಡಿಯ ಅವಿಬ್ಯಾಕ್ಟಮ್‌ಗಾಗಲಿ ಇಲ್ಲಿ ಹಿಡಿತ ಸಿಗದಿರಲು ಇದೇ ಕಾರಣ. ಸೋಂಕಿನ ಸಮಯದಲ್ಲಿ ನಮ್ಮ ದೇಹವು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಮೂಲಕ ಸತುವನ್ನು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಬಚ್ಚಿಡುತ್ತದೆ. ಭಾರತದಲ್ಲಿ ಈಗ ಸಾಮಾನ್ಯವಾಗಿರುವ ಎನ್‌ಡಿಎಂ-5ರಂಥ ರೂಪಾಂತರಗಳು ಸತುವಿನ ಕೊರತೆಯಲ್ಲೂ ಕೆಲಸ ಮಾಡುವ ಹಾಗೆ ಬದಲಾಗಿವೆ.

ಒಂದು ಬ್ಯಾಕ್ಟೀರಿಯಾದಲ್ಲಿ ಕಾರ್ಬಪೆನೆಮ್ ಒಡೆಯುವ ಕಿಣ್ವ ಇದೆಯೇ, ಇದ್ದರೆ ಸೆರಿನ್ ಬಗೆಯದೋ ಸತುವಿನ ಬಗೆಯದೋ ಎಂಬುದನ್ನು ದುಬಾರಿ ಯಂತ್ರವಿಲ್ಲದೆಯೂ ಕಂಡುಕೊಳ್ಳಬಹುದು. ಪರೀಕ್ಷೆಯ ಹೆಸರು ಎಂಸಿಐಎಂ. ಎರಡು ಮಿಲಿಲೀಟರ್ ಪೋಷಕ ದ್ರವಕ್ಕೆ ಶಂಕಿತ ಬ್ಯಾಕ್ಟೀರಿಯಾವನ್ನು ಒಂದು ಲೂಪ್‌ನಷ್ಟು ಬೆರೆಸಿ, ಅದರೊಳಗೆ 10 ಮೈಕ್ರೊಗ್ರಾಂ ಮೆರೊಪೆನೆಮ್ ಇರುವ ಕಾಗದದ ಬಿಲ್ಲೆಯನ್ನು ಮುಳುಗಿಸಿ, ನಾಲ್ಕು ಗಂಟೆ 35 ಡಿಗ್ರಿಯಲ್ಲಿ ಇಡುತ್ತಾರೆ. ನಂತರ ಬಿಲ್ಲೆಯನ್ನು ಹೊರತೆಗೆದು, ಮೆರೊಪೆನೆಮ್‌ಗೆ ಸುಲಭವಾಗಿ ಸಾಯುವ ಇ. ಕೊಲೈಯನ್ನು ಹರಡಿದ ಪ್ಲೇಟಿನ ಮೇಲಿಟ್ಟು ಮರುದಿನ ನೋಡುತ್ತಾರೆ. ಬಿಲ್ಲೆಯಲ್ಲಿ ಔಷಧ ಉಳಿದಿದ್ದರೆ ಸುತ್ತ ಅಗಲವಾದ ಖಾಲಿ ವೃತ್ತ ಕಾಣುತ್ತದೆ, ಅದರ ವ್ಯಾಸ 19 ಮಿಲಿಮೀಟರ್ ಅಥವಾ ಹೆಚ್ಚು. ಕಿಣ್ವವು ಔಷಧವನ್ನು ಮುರಿದಿದ್ದರೆ ಇ. ಕೊಲೈ ಬಿಲ್ಲೆಯ ಅಂಚಿನವರೆಗೂ ಅಥವಾ ಅದರ ಹತ್ತಿರದವರೆಗೂ ಬೆಳೆದಿರುತ್ತದೆ. ಇದೇ ಪರೀಕ್ಷೆಯನ್ನು ಲೋಹವನ್ನು ಹಿಡಿದಿಡುವ ಇಡಿಟಿಎ ಸೇರಿಸಿ ಮತ್ತೊಮ್ಮೆ ಮಾಡಿದಾಗ ವೃತ್ತ ಐದು ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಹಿಗ್ಗಿದರೆ, ಸತುವನ್ನು ಕಿತ್ತುಕೊಂಡಿದ್ದರಿಂದ ಕಿಣ್ವ ಸೋತಿತೆಂದು ಅರ್ಥ, ಅಂದರೆ ಎನ್‌ಡಿಎಂನಂಥದ್ದು. ಕಲ್ಚರ್ ವರದಿಯಲ್ಲಿ ಬರಿಯ ‘ರೆಸಿಸ್ಟೆಂಟ್’ ಎಂಬ ಪದಕ್ಕಿಂತ ಈ ಒಂದು ಸಾಲು ವೈದ್ಯರಿಗೆ ಎಷ್ಟೋ ಹೆಚ್ಚು ಉಪಯುಕ್ತ. ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುನ್ನವೇ ರಕ್ತ ಅಥವಾ ಮೂತ್ರವನ್ನು ಕಲ್ಚರ್‌ಗೆ ತೆಗೆದಿದ್ದರೆ ಮಾತ್ರ ಇಂಥ ಮಾಹಿತಿ ನೆಚ್ಚಬಹುದಾದಂತೆ ಸಿಗುತ್ತದೆ ಎಂಬುದನ್ನು ರೋಗಿಯ ಮನೆಯವರೂ ತಿಳಿದಿರುವುದು ಒಳ್ಳೆಯದು.

ಬೀಟಾ-ಲ್ಯಾಕ್ಟಮ್ ಅಲ್ಲದ ಔಷಧಗಳ ಮೇಲೂ ಕಿಣ್ವಗಳ ದಾಳಿಯಿದೆ, ಆದರೆ ಅಲ್ಲಿ ಮುರಿಯುವುದಕ್ಕಿಂತ ಹೊಸದೊಂದು ಗುಂಪನ್ನು ಅಂಟಿಸಿ ಕೆಡಿಸುವುದೇ ಹೆಚ್ಚು. ಜೆಂಟಾಮೈಸಿನ್, ಅಮಿಕಾಸಿನ್‌ಗಳಿಗೆ ಅಸಿಟೈಲ್ ಅಥವಾ ಫಾಸ್ಫೇಟ್ ಗುಂಪನ್ನು ಹಚ್ಚುವ ಕಿಣ್ವಗಳಿವೆ, ಕ್ಲೊರಾಂಫೆನಿಕಾಲ್‌ಗೂ ಅಸಿಟೈಲ್ ಹಚ್ಚುವ ಕಿಣ್ವವಿದೆ. ಪ್ರತಿರೋಧವೆಲ್ಲ ಕಿಣ್ವದಿಂದಲೇ ಬರುವುದೂ ಇಲ್ಲ. ಎಂಆರ್‌ಎಸ್‌ಎ ಎಂದು ಕರೆಯುವ ಸ್ಟೆಫಿಲೊಕಾಕಸ್ ಔಷಧವನ್ನು ಒಡೆಯುವುದರಿಂದ ಪಾರಾಗುವುದಿಲ್ಲ, ಔಷಧ ಅಂಟದಂಥ ಬೇರೊಂದು ಗಂಟು ಹಾಕುವ ಪ್ರೋಟೀನನ್ನು ಇಟ್ಟುಕೊಂಡಿರುವುದರಿಂದ ಪಾರಾಗುತ್ತದೆ.

ನೆಗಡಿಗೋ ವೈರಲ್ ಜ್ವರಕ್ಕೋ ಸೆಫಿಕ್ಸಿಮ್ ನುಂಗಿದಾಗ ಆಗುವ ಹಾನಿ ಈಗ ಸ್ಪಷ್ಟವಾಗಿ ಕಾಣುತ್ತದೆ. ವೈರಸ್ಸಿಗೆ ಕೋಶಭಿತ್ತಿಯಿಲ್ಲ, ಔಷಧಕ್ಕೆ ಅಲ್ಲಿ ಕೆಲಸವೇ ಇಲ್ಲ. ಆದರೆ ಕರುಳಿನಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳ ಪೈಕಿ ಕಿಣ್ವ ಇಲ್ಲದವು ಸಾಯುತ್ತವೆ, ಸಿಟಿಎಕ್ಸ್-ಎಂ ಹೊತ್ತ ಬೆರಳೆಣಿಕೆಯ ಇ. ಕೊಲೈಗಳು ತೆರವಾದ ಜಾಗವನ್ನು ತುಂಬಿಕೊಳ್ಳುತ್ತವೆ. ಅವು ಅಲ್ಲಿಯೇ ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು, ಮುಂದೊಮ್ಮೆ ಮೂತ್ರನಾಳಕ್ಕೋ ರಕ್ತಕ್ಕೋ ಇಳಿದಾಗ ಮಾತ್ರ ತಮ್ಮ ಇರವನ್ನು ತೋರಿಸುತ್ತವೆ. ಭಾರತ ಸರ್ಕಾರವು 2014ರ ಮಾರ್ಚಿನಿಂದ ಜಾರಿಗೆ ತಂದ ಎಚ್1 ಅನುಸೂಚಿಯು ಮೂರನೇ ತಲೆಮಾರಿನ ಸೆಫಲೊಸ್ಪೊರಿನ್‌ಗಳನ್ನೂ ಕಾರ್ಬಪೆನೆಮ್‌ಗಳನ್ನೂ ಒಳಗೊಂಡಿದೆ. ಔಷಧ ಬರೆದ ವೈದ್ಯರ ಹಾಗೂ ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕೆಂದು ಅದು ವಿಧಿಸುತ್ತದೆ. ನಿಯಮ ಸರಿಯಾಗಿದೆ. ಚೀಟಿಯಿಲ್ಲದೆ ಕೇಳುವುದನ್ನು ನಾವು ನಿಲ್ಲಿಸಿದರೆ ಅದು ಇನ್ನಷ್ಟು ಬಲಗೊಳ್ಳುತ್ತದೆ.

ಎನ್‌ಡಿಎಂಗೆ ಈಗ ಒಂದು ಉತ್ತರವಿದೆ, ಮತ್ತು ಅದು ಹುಟ್ಟಿದ್ದೇ ಕಿಣ್ವಗಳ ಈ ವಿವರವಾದ ತಿಳಿವಳಿಕೆಯಿಂದ. ಅಜ್ಟ್ರಿಯೊನಾಮ್ ಎಂಬ ಹಳೆಯ ಬೀಟಾ-ಲ್ಯಾಕ್ಟಮ್ ಔಷಧವನ್ನು ಸತುವಿನ ಕಿಣ್ವಗಳು ಒಡೆಯಲಾರವು. ಆದರೆ ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಸಿಟಿಎಕ್ಸ್-ಎಂ ಕೂಡ ಇರುತ್ತದೆ, ಅದು ಅಜ್ಟ್ರಿಯೊನಾಮ್ ಅನ್ನು ಒಡೆದುಹಾಕುತ್ತದೆ. ಸಿಟಿಎಕ್ಸ್-ಎಂ ಅನ್ನು ಅವಿಬ್ಯಾಕ್ಟಮ್‌ನಿಂದ ಕಟ್ಟಿಹಾಕಿದರೆ ಅಜ್ಟ್ರಿಯೊನಾಮ್ ಎರಡೂ ಕಿಣ್ವಗಳಿಂದ ಪಾರಾಗಿ ಗುರಿ ಮುಟ್ಟುತ್ತದೆ. ಈ ಜೋಡಿಗೆ 2024ರಲ್ಲಿ ಯುರೋಪಿನಲ್ಲಿ, 2025ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಎನ್‌ಡಿಎಂ ಹೊತ್ತ ಕೆಲವು ಇ. ಕೊಲೈಗಳಲ್ಲಿ, ಅದರಲ್ಲೂ ಭಾರತದಿಂದ ಸಂಗ್ರಹಿಸಿದವುಗಳಲ್ಲಿ, ಅಜ್ಟ್ರಿಯೊನಾಮ್‌ನ ಗುರಿಯಾದ ಪೆನಿಸಿಲಿನ್ ಬಂಧಕ ಪ್ರೋಟೀನು-3ರೊಳಗೆ ನಾಲ್ಕು ಅಮೈನೋ ಆಮ್ಲಗಳು ಹೆಚ್ಚುವರಿಯಾಗಿ ಸೇರಿಕೊಂಡಿರುವುದು ಈಗಾಗಲೇ ಕಂಡುಬಂದಿದೆ. ಔಷಧವು ಕಿಣ್ವಗಳನ್ನು ತಪ್ಪಿಸಿಕೊಂಡು ಬಂದರೂ ಅಲ್ಲಿ ಅದರ ಹಿಡಿತ ಸಡಿಲವಾಗುತ್ತದೆ.